ಹಳೆ ಹೆರಾಲ್ಡ್‌ನಾಗ ಕಾಲು ಸುಡ್ತಾವ, ಏನ್ ಮಾಡ್ಬೇಕ್ರಿ?

ಪ್ರಶ್ನೆ: ನಮ್ಮಪ್ಪಾಜಿ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಅದ. ಕಲಬುರಗಿಯಿಂದ ಶಹಾಬಾದ್ ಮುಟ್ಟೋದ್ರಾಗ ಕಾಲು ಸುಡ್ತಾವ, ಬಾಜೂ ಕುಂತವ್ರ ಮಾತು ಕೇಳಂಗಿಲ್ಲ. ಬೆಳ್ಳಿ ಬಣ್ಣದ ಡ್ಯಾಂಪಿಂಗ್ ಶೀಟ್ ಪೂರಾ ಅಂಟಸ್ರಿ ಅಂತಾರ ಅಂಗಡಿಯವ್ರು. ಅಂಟಸ್ಲೇನ್ರಿ?

ಉತ್ತರ: ಈಗಲೇ ಬೇಡ್ರಿ. ಶೀಟ್ ಒಳ್ಳೆಯದೇ, ಆದರೆ ಅದರ ಕೆಲಸ ಬೇರೆ. ಅದರಲ್ಲಿರುವ ಬ್ಯುಟೈಲ್ ರಬ್ಬರ್ ತಗಡಿನ ನಡುಕ ಹಿಡಿಯುತ್ತದೆ, ಬಿಸಿಯನ್ನಲ್ಲ. ಮೇಲಿನ ಅಲ್ಯೂಮಿನಿಯಂ ಹಾಳೆ ಶಾಖವನ್ನು ಹಿಂದಕ್ಕೆ ತಳ್ಳಬೇಕಾದರೆ ಎದುರಿಗೆ ಗಾಳಿಯ ಸಂದು ಇರಬೇಕು. ಕಾರ್ಪೆಟ್ ಕೆಳಗೆ ಒತ್ತಿಕೊಂಡರೆ ಆ ಗುಣ ಹೋಯಿತು.

ನಿಮ್ಮ ಗಾಡಿಯ ಬೇನೆ ಗೇರ್‌ಬಾಕ್ಸ್ ಹತ್ತಿರ ಇದ್ದೀತು. ಹೆರಾಲ್ಡ್‌ನಲ್ಲಿ ಗೇರ್‌ಬಾಕ್ಸ್ ಮೇಲೆ ಗಾಡಿಯೊಳಗಿಂದ ಕೂಡಿಸಿದ ಮುಚ್ಚಳ ಬಿಚ್ಚಿ ತೆಗೆಯುವಂಥದ್ದು. ರಿಪೇರಿಗೆ ಭಾಳ ಅನುಕೂಲ. ಆದರೆ ವರ್ಷಗಳು ಕಳೆದಂತೆ ಅಂಚಿನ ಸೀಲ್ ಒಣಗುತ್ತದೆ, ಸ್ಕ್ರೂ ಸಡಿಲಾಗುತ್ತವೆ, ಎಂಜಿನ್ನಿನ ಬಿಸಿಗಾಳಿ ಅಲ್ಲಿಂದ ನೇರ ಕಾಲಿಗೆ ಬರುತ್ತದೆ. ಶಬ್ದವೂ ಅದೇ ಹಾದಿ ಹಿಡಿಯುತ್ತದೆ.

ಕಾರ್ಪೆಟ್ ತೆಗೆದು, ರಾತ್ರಿ ಗಾಡಿಯ ಅಡಿಗೆ ಬಲ್ಬ್ ಇಟ್ಟು ಒಳಗೆ ಕುಳಿತು ನೋಡಿ. ಬೆಳಕು ಇಣುಕಿದಲ್ಲೆಲ್ಲ ಗಾಳಿಯೂ ನುಗ್ಗುತ್ತದೆ. ಮುಚ್ಚಳದ ಅಂಚಿಗೆ ಹೊಸ ಫೋಮ್ ಪಟ್ಟಿ ಹಾಕಿ, ಸ್ಪೀಡೋಮೀಟರ್ ಕೇಬಲ್, ಚೋಕ್ ಕೇಬಲ್, ವೈರಿಂಗ್ ಹಾಯುವ ತೂತುಗಳಿಗೆ ಹೊಸ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂಡಿಸುವ ಬಳೆ) ಕೂಡಿಸಿ. ಸೈಲೆನ್ಸರ್ ಪೈಪ್ ಜೋಡಣೆಯಲ್ಲಿ ಸೋರಿಕೆ ಇದ್ದರೆ ಮೊದಲು ಅದನ್ನೇ ಸರಿಮಾಡಿಸಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆ ಇಲ್ಲದೆ ಜೀವ ತೆಗೆಯುತ್ತದೆ.

ಆಮೇಲೆ ಡ್ಯಾಂಪಿಂಗ್ ಶೀಟ್. ತಗಡನ್ನು ಬೆರಳಿಂದ ಬಡಿಯಿರಿ. ಡಣ್ ಎಂದಲ್ಲಿ ನಡುಭಾಗಕ್ಕೆ ಹಚ್ಚಿ, ರೋಲರ್‌ನಿಂದ ಒತ್ತಿ. ಕಾಲುಭಾಗದಿಂದ ಅರ್ಧ ಮುಚ್ಚಿದರೆ ಸಾಕು, ಪೂರಾ ಹಚ್ಚಿದರೆ ಸಣ್ಣ ಎಂಜಿನ್ನಿಗೆ ಸುಮ್ಮನೆ ಭಾರ. ಮಾಳಿಗೆಗೆ ಹಾಕುವ ಡಾಂಬರ್ ಶೀಟನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ತರಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಮೆತ್ತಗಾಗಿ ಜೋತುಬೀಳುತ್ತದೆ, ವಾಸನೆ ತಲೆನೋವು ತರುತ್ತದೆ.

ಬಿಸಿಗೆ ಬೇಕಾದದ್ದು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್, 6ರಿಂದ 10 ಮಿ.ಮೀ. ದಪ್ಪದ್ದು. ಅದು ನೀರು ಕುಡಿಯುವುದಿಲ್ಲ. ಸ್ಪಂಜು, ಗೋಣಿತಟ್ಟು ಹಾಕಿದರೆ ಮಳೆಗಾಲದಲ್ಲಿ ನೆಂದು ತಳದ ತಗಡನ್ನೇ ತುಕ್ಕು ತಿನ್ನುತ್ತದೆ.

ಮುಚ್ಚಳದ ಕೆಲಸ ಮುಗಿದ ಮೇಲೆ ಒಮ್ಮೆ ಶಹಾಬಾದ್‌ಗೆ ಹೋಗಿಬನ್ನಿ. ಶೀಟ್ ಎಷ್ಟು ತರಬೇಕೆಂದು ಆಮೇಲೆ ಲೆಕ್ಕ ಹಾಕೋಣ.