ಮೋರಿ ಕಟ್ಟಿಕೊಂಡಿದೆ, ರಸ್ತೆ ಮಾತ್ರ ಹೊಸದು: ಯಾವ ಕೆಲಸ ಮೊದಲು ಅಂತ ಹೇಳೋರು ಯಾರು?

ಪ್ರಶ್ನೆ: ನಮ್ಮ ಬೀದಿಯ ಮೋರಿ ಎರಡು ಮಳೆಗಾಲದಿಂದ ಕಟ್ಟಿಕೊಂಡಿದೆ. ಜೋರು ಮಳೆ ಬಂದರೆ ನೀರು ಹೊಸ್ತಿಲಿಗೆ ಬರುತ್ತದೆ. ಕೇಳಿದರೆ ದುಡ್ಡಿಲ್ಲ ಅನ್ನುತ್ತಾರೆ. ಪಕ್ಕದ ಬೀದಿಯಲ್ಲಿ ಚೆನ್ನಾಗಿಯೇ ಇದ್ದ ಸಿಮೆಂಟ್ ರಸ್ತೆ ಒಡೆದು ಹೊಸದು ಹಾಕಿದರು. ನಗರಸಭೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ತೀರ್ಮಾನ ಮಾಡೋರು ಯಾರು?

ಉತ್ತರ: ಇದು ಕೋಲಾರ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ. ಊರಿನ ಹೆಸರು, ವಾರ್ಡ್ ನಂಬರ್ ಬೇಕೆಂದೇ ತೆಗೆದಿದ್ದೇನೆ. ತೆಗೆದರೂ ಏನೂ ಕಮ್ಮಿ ಆಗಲ್ಲ. ಇದೇ ಪ್ರಶ್ನೆಯನ್ನು ಚಿಂತಾಮಣಿಯವರೂ ಕೇಳಬಹುದು, ತಿಪಟೂರಿನವರೂ ಕೇಳಬಹುದು.

ನೇರವಾಗಿ ಹೇಳಿಬಿಡುತ್ತೇನೆ. ಬಹಳಷ್ಟು ಸಲ ಅದನ್ನು ಯಾರೂ ತೀರ್ಮಾನ ಮಾಡಿರುವುದಿಲ್ಲ. ಸುಮ್ನೆ ಹಂಚಿರುತ್ತಾರೆ.

ಕೋಲಾರ ನಗರಸಭೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 1.38 ಲಕ್ಷ. ವಾರ್ಡ್‌ಗಳು 35. ಗೆದ್ದು ಬಂದ ಸದಸ್ಯರು 35. ಅವರ ಜೊತೆಗೆ ಶಾಸಕರು, ಸಂಸದರು ಕೂಡ ಸದಸ್ಯರೇ, ಮತ ಹಾಕಬಹುದು. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಮತ ಇಲ್ಲ. ಈಗ ಯಾವುದಕ್ಕೆ ಬೇಕಾದರೂ ಬಳಸಬಹುದಾದ ಮೂರೂವರೆ ಕೋಟಿ ರೂಪಾಯಿ ಇದೆ ಅಂದುಕೊಳ್ಳಿ. ಇದು ನಾನು ಲೆಕ್ಕ ಸುಲಭ ಆಗಲಿ ಅಂತ ಹಿಡಿದ ಮೊತ್ತ. ಮೂವತ್ತೈದು ಜನ ಕೂತು ಯಾವ ವಾರ್ಡ್‌ಗೆ ಜಾಸ್ತಿ, ಯಾವುದಕ್ಕೆ ಕಮ್ಮಿ ಅಂತ ಜಗಳ ಆಡುವುದಕ್ಕಿಂತ ತಲೆಗೆ ಹತ್ತು ಲಕ್ಷ ಅಂದುಬಿಡುವುದು ಸುಲಭ. ಎಲ್ಲರೂ ಒಪ್ಪುತ್ತಾರೆ. ಸಭೆ ಬೇಗ ಮುಗಿಯುತ್ತದೆ. ಮನೆಯಲ್ಲಿ ಹಬ್ಬದ ಒಬ್ಬಟ್ಟು ಎಲೆಗೆ ಎರಡರಂತೆ ಬಡಿಸಿದ ಹಾಗೆ. ಯಾರಿಗೆ ಹಸಿವು ಜಾಸ್ತಿ ಅಂತ ಕೇಳುವವರಿಲ್ಲ.

ಇನ್ನು ಆ ಹತ್ತು ಲಕ್ಷದಲ್ಲಿ ಸದಸ್ಯರು ಏನು ಮಾಡುತ್ತಾರೆ ನೋಡಿ. ನಿಮ್ಮ ಬೀದಿಯ ಮೋರಿ ಒಂದೇ ಬೀದಿಯದಾಗಿದ್ದರೆ ಸರಿ ಮಾಡಬಹುದು. ಆದರೆ ಎರಡು ಮಳೆಗಾಲ ಕಟ್ಟಿಕೊಂಡಿದೆ ಅಂದರೆ ನನಗೆ ಅನುಮಾನ. ತೊಂದರೆ ನಿಮ್ಮ ಬೀದಿಯಲ್ಲಿ ಇರಲಿಕ್ಕಿಲ್ಲ, ಕೆಳಗೆಲ್ಲೋ ಇರಬೇಕು. ಮೋರಿ ದೊಡ್ಡ ಮೋರಿಗೆ ಸೇರುತ್ತದೆ, ದೊಡ್ಡ ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ನಡುವೆ ಎಲ್ಲೋ ಒಂದು ಕಡೆ ಯಾರೋ ಕಾಲುವೆ ಮೇಲೆ ಚಪ್ಪಡಿ ಹಾಸಿ ಅಂಗಡಿ ಇಟ್ಟಿರುತ್ತಾರೆ. ಅಲ್ಲಿ ಹೂಳು ತುಂಬಿದರೆ ಮೇಲಿನ ನಾಲ್ಕು ಬೀದಿಗೆ ನೀರು ಹಿಂದಕ್ಕೆ ಬರುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಕಡೆಯಿಂದ ಇಳಿಯುವ ನೀರಿಗೆ ವಾರ್ಡ್ ಗಡಿ ಗೊತ್ತಿಲ್ಲ. ಹಣಕ್ಕೆ ಗೊತ್ತು.

ಕಾಲುವೆ ನಾಲ್ಕು ವಾರ್ಡ್ ದಾಟುತ್ತದೆ. ಒಬ್ಬ ಸದಸ್ಯರ ಹತ್ತು ಲಕ್ಷ ಅದಕ್ಕೆ ಸಾಲದು. ನಾಲ್ವರು ಸೇರಿ ದುಡ್ಡು ಹಾಕಬೇಕು, ಅದರಲ್ಲಿ ಇಬ್ಬರು ಬೇರೆ ಪಕ್ಷದವರು. ಅಷ್ಟೆಲ್ಲ ಮಾಡಿದ ಮೇಲೂ ಕೆಲಸ ನೆಲದ ಕೆಳಗೆ, ಯಾರ ಕಣ್ಣಿಗೂ ಬೀಳಲ್ಲ. ಸಿಮೆಂಟ್ ರಸ್ತೆ ಹಾಗಲ್ಲ. ಒಂದೇ ವಾರ್ಡ್‌ನೊಳಗೆ ಶುರುವಾಗಿ ಅಲ್ಲೇ ಮುಗಿಯುತ್ತದೆ. ಗುದ್ದಲಿ ಪೂಜೆ ಮಾಡಬಹುದು, ಬೋರ್ಡ್ ಹಾಕಬಹುದು. ಹಾಗಾಗಿ ಇದ್ದ ರಸ್ತೆ ಮೇಲೇ ಇನ್ನೊಂದು ರಸ್ತೆ ಬರುತ್ತದೆ. ಮನೆಗಳು ರಸ್ತೆಗಿಂತ ತಗ್ಗಿಗೆ ಹೋಗುತ್ತವೆ, ಮುಂದಿನ ಮಳೆಗೆ ನೀರು ಇನ್ನೂ ಸಲೀಸಾಗಿ ಒಳಗೆ ಬರುತ್ತದೆ.

ದುಡ್ಡಿಲ್ಲ ಅನ್ನುವ ಮಾತು ಅರ್ಧ ನಿಜ. ದುಡ್ಡಿದೆ, ಆದರೆ ಒಂದೊಂದು ಡಬ್ಬಿಯಲ್ಲಿ ಒಂದೊಂದು ಹೆಸರು ಬರೆದು ಇಟ್ಟಿರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ 2025–26ರವರೆಗೆ ಇಂಥ ಊರುಗಳಿಗೆ ಕೊಟ್ಟ ಹಣದ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ರಸ್ತೆಗೆ ತೆಗೆಯುವ ಹಾಗಿರಲಿಲ್ಲ. ರಾಜ್ಯ ಹಣಕಾಸು ಆಯೋಗದ ಹಣದಲ್ಲಿ ಸಂಬಳದ್ದು ಬೇರೆ, ಕರೆಂಟ್ ಬಿಲ್‌ನದ್ದು ಬೇರೆ. ಉಳಿದದ್ದರಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ. ಇದೆಲ್ಲ ಇರಬೇಕಾದದ್ದೇ. ಇಲ್ಲದಿದ್ದರೆ ಅವರ ಪಾಲೂ ಸಿಮೆಂಟ್ ಆಗುತ್ತಿತ್ತು. ನೀವು ಕಟ್ಟುವ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3 ಅಂತ ಇರುತ್ತದೆ. ನಗರಸಭೆ ಅದನ್ನು ವಸೂಲಿ ಮಾಡಿ ಬೇರೆ ಕಡೆ ಕಟ್ಟಬೇಕು. ನಗರಸಭೆಗೆ ಕೈ ಬಿಚ್ಚಿ ಖರ್ಚು ಮಾಡಲು ಉಳಿಯುವುದು ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಕಂದಾಯ, ಅಂಗಡಿ ಬಾಡಿಗೆ, ಲೈಸೆನ್ಸ್ ಶುಲ್ಕ.

ದೊಡ್ಡ ಯೋಜನೆಗಳ ಮಾತೇ ಬೇರೆ. ಕೋಲಾರ, ಬಂಗಾರಪೇಟೆ, ಮಾಲೂರಿಗೆ ನೀರು ಕೊಡುವ ಯರಗೋಳ್ ಅಣೆಕಟ್ಟೆ 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಅಂಥದ್ದು ನಗರಸಭೆಯ ಸಭೆಯಲ್ಲಿ ಹುಟ್ಟುವುದಿಲ್ಲ. ಆದರೆ ಬಂದ ನೀರನ್ನು ಯಾವ ಬೀದಿಗೆ ಯಾವ ದಿನ ಬಿಡಬೇಕು ಅನ್ನುವುದು ನಗರಸಭೆಯ ಕೆಲಸ. ಎಷ್ಟೋ ಊರುಗಳಲ್ಲಿ ಅದನ್ನು ನಿಜಕ್ಕೂ ತೀರ್ಮಾನ ಮಾಡುವುದು ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್!

ನಾನು ಒಂದು ಊರಿನ ಸಾಮಾನ್ಯ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಊರು ಯಾವುದು ಅನ್ನುವುದು ಬೇಡ. ಹನ್ನೊಂದಕ್ಕೆ ಅಂತ ನೋಟಿಸ್. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರು, ಆಗುವಾಗ ಹನ್ನೆರಡು ದಾಟಿತ್ತು. ಮೊದಲು ಬೀದಿದೀಪದ ಗಲಾಟೆ. "ಪೌರಾಯುಕ್ತರೇ, ನಮ್ಮ ವಾರ್ಡಲ್ಲಿ ಲೈಟ್ ಉರಿಯದೆ ಎಷ್ಟು ದಿನ ಆಯ್ತು ಹೇಳ್ರೀ" ಅಂತ ಒಬ್ಬರು ಎದ್ದರು. ಇನ್ನೊಬ್ಬರು "ನಿಮ್ಮದೊಂದೇ ಏನ್ರೀ, ನಮ್ಮದೂ ಅದೇ ಕಥೆ" ಅಂದರು. ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರು ಜೆಇ (ಕಿರಿಯ ಇಂಜಿನಿಯರ್) ಮುಖ ನೋಡಿದರು. ಜೆಇ ಗುತ್ತಿಗೆದಾರರಿಗೆ ಫೋನ್ ಹಚ್ಚಿದರು. ಅವರು ಎತ್ತಲಿಲ್ಲ. ಮುಕ್ಕಾಲು ಗಂಟೆ ಹೀಗೇ ಹೋಯಿತು. ಉದ್ದಿನ ವಡೆ, ಕಾಫಿ ಬಂತು. ಅಜೆಂಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಷಯ ಇದ್ದವು. ಮೂರನೆಯದಕ್ಕೆ ಬರುವ ಹೊತ್ತಿಗೆ ಊಟದ ಸಮಯ. ಕೊನೆಗೆ ಒಬ್ಬರು ಗಡಿಯಾರ ನೋಡಿ "ಉಳಿದದ್ದೆಲ್ಲ ಪಾಸ್ ಮಾಡಿಬಿಡಿ" ಅಂದರು. ಮೇಜು ತಟ್ಟಿದರು. ಅಷ್ಟೇ. ಆ ಉಳಿದದ್ದರಲ್ಲಿ ಮಳೆಗಾಲಕ್ಕೆ ಮುಂಚೆ ಕಾಲುವೆ ಹೂಳು ತೆಗೆಯುವ ಅಂದಾಜು ಪಟ್ಟಿಯೂ ಇತ್ತು, ಆಗಲೇ ಮುಗಿದುಹೋದ ಖರ್ಚುಗಳಿಗೆ ಘಟನೋತ್ತರ ಮಂಜೂರಾತಿಯೂ ಇತ್ತು. ಎರಡನ್ನೂ ಒಂದೇ ತಟ್ಟಿನಲ್ಲಿ ಮುಗಿಸಿದರು.

ಬೀದಿದೀಪ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡದು ಇಲ್ಲ. ಆದರೆ ಕೆಟ್ಟ ಬಲ್ಬ್ ಬದಲಾಯಿಸಲು ಮೂವತ್ತೈದು ಜನರ ಸಭೆ ಬೇಕಾ? ಅದು ದೂರು ಪುಸ್ತಕದಲ್ಲಿ ಮುಗಿಯಬೇಕಾದ ಕೆಲಸ. ಅಲ್ಲಿ ಮುಗಿಯದ್ದಕ್ಕೇ ಸಭೆಗೆ ಬರುತ್ತದೆ, ಸಭೆಯಲ್ಲಿ ಆಗಬೇಕಾದದ್ದು ಆಗುವುದಿಲ್ಲ.

ಇದನ್ನು ಸರಿ ಮಾಡುವುದು ಹೇಗೆ? ದೊಡ್ಡ ದೊಡ್ಡ ಸುಧಾರಣೆಯ ಮಾತು ನನಗೆ ಬರಲ್ಲ. ನನ್ನ ಪ್ರಕಾರ ಒಂದು ಪೈಸೆ ಖರ್ಚಿಲ್ಲದೆ ಆಗುವ ಕೆಲಸ ಒಂದಿದೆ. ಪ್ರತಿ ಸಭೆಯ ಮೊದಲನೇ ವಿಷಯ ಹೋದ ಸಭೆಯ ಅನುಪಾಲನಾ ವರದಿ ಆಗಬೇಕು. ಕಾನೂನಿನ ಪ್ರಕಾರ ಸಾಮಾನ್ಯ ಸಭೆ ತಿಂಗಳಿಗೊಂದು ನಡೆಯಬೇಕು. ಹೋದ ತಿಂಗಳು ಏನು ಒಪ್ಪಿದ್ದಿರಿ, ಅದರಲ್ಲಿ ಯಾವುದು ಆಯಿತು, ಯಾವುದು ಯಾರ ಮೇಜಿನ ಮೇಲೆ ಕೂತಿದೆ ಅಂತ ಒಂದು ಹಾಳೆ. ಆ ಹಾಳೆ ಹೆಸರಿಗೆ ಬಹಳ ಕಡೆ ಇರುತ್ತದೆ, ಆದರೆ ಕೊನೆಯಲ್ಲಿ. ಕೊನೆಯಲ್ಲಿ ಅಂದರೆ ಊಟದ ಹೊತ್ತಿಗೆ. ಸಭೆಯ ತೀರ್ಮಾನ ಬರೆಯುವ ನಡಾವಳಿಯಲ್ಲೂ "ಕ್ರಮ ವಹಿಸಲು ತೀರ್ಮಾನಿಸಲಾಯಿತು" ಅಂತ ಬರೆದು ಬಿಡುತ್ತಾರೆ. ಕ್ರಮ ಯಾರು ವಹಿಸಬೇಕು? ಯಾವ ತಾರೀಕಿಗೆ? ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಅಂತಲೋ ಹೆಲ್ತ್ ಇನ್ಸ್‌ಪೆಕ್ಟರ್ ಅಂತಲೋ ಹುದ್ದೆ ಬರೆದು, ಮುಂದೆ ತಾರೀಕು ಬರೆದರೆ ಅರ್ಧ ಜಗಳ ಕಮ್ಮಿ ಆಗುತ್ತದೆ.

ಹುದ್ದೆ ಬರೆಯಬೇಕು ಅನ್ನುವುದಕ್ಕೆ ನಿಮ್ಮ ಮೋರಿಯೇ ಉದಾಹರಣೆ. ಮೋರಿಯಲ್ಲಿ ಕಸ, ಹೂಳು ಇದ್ದರೆ ಅದು ಆರೋಗ್ಯ ಶಾಖೆಯ ಕೆಲಸ, ಪೌರಕಾರ್ಮಿಕರು ಬರಬೇಕು. ಗೋಡೆ ಕುಸಿದಿದ್ದರೆ, ಇಳಿಜಾರು ತಪ್ಪಿದ್ದರೆ ಅದು ಇಂಜಿನಿಯರಿಂಗ್ ಶಾಖೆಯ ಕೆಲಸ, ಎಸ್ಟಿಮೇಟ್ ಆಗಬೇಕು. ಗೋಡೆ ಕುಸಿದು ಅದರಿಂದ ಹೂಳು ತುಂಬಿದ್ದರೆ? ಆರೋಗ್ಯ ಶಾಖೆಯವರು "ಮೊದಲು ಕಟ್ಟಿಕೊಡಲಿ" ಅನ್ನುತ್ತಾರೆ, ಇಂಜಿನಿಯರ್ "ಮೊದಲು ಖಾಲಿ ಮಾಡಿಕೊಡಲಿ" ಅನ್ನುತ್ತಾರೆ. ಅರ್ಜಿ ಎರಡು ಮೇಜಿನ ನಡುವೆ ಚೆಂಡು. ಆರೋಗ್ಯ ಶಾಖೆಯವರ ಕಷ್ಟವೂ ಇದೆ ಅನ್ನಿ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನುವುದು ರಾಜ್ಯದ ಮಾನದಂಡ. 1.38 ಲಕ್ಷಕ್ಕೆ ಲೆಕ್ಕ ಹಾಕಿದರೆ ಇನ್ನೂರು ಜನ ಕೂಡ ಆಗಲ್ಲ. ಆ ಜನಸಂಖ್ಯೆಯಾದರೂ 2011ರದ್ದು. ಆಮೇಲೆ ಊರು ನಾಲ್ಕೂ ದಿಕ್ಕಿಗೆ ಬೆಳೆದಿದೆ.

ಇನ್ನೊಂದು ಕೆಲಸ ಸ್ವಲ್ಪ ಕಷ್ಟದ್ದು, ಸದಸ್ಯರು ದೊಡ್ಡ ಮನಸ್ಸು ಮಾಡಬೇಕು. ವಾರ್ಡ್‌ಗೆ ಹಂಚುವ ಮುಂಚೆಯೇ ಒಂದು ಪಾಲು ಊರಿಗೆಲ್ಲ ಸೇರಿದ್ದು ಅಂತ ತೆಗೆದಿಡುವುದು. ರಾಜಕಾಲುವೆ, ಯುಜಿಡಿಯ (ಒಳಚರಂಡಿಯ) ಮುಖ್ಯ ಪೈಪು, ಪಂಪ್‌ಹೌಸ್ ಮೋಟಾರು ಇಂಥವು ಆ ಪಾಲಿನಲ್ಲಿ ಬರಬೇಕು. ಹೊಸದು ಕಟ್ಟುವುದಕ್ಕಿಂತ ಇದ್ದದ್ದನ್ನು ನೋಡಿಕೊಳ್ಳುವುದಕ್ಕೆ ಮೊದಲ ರೂಪಾಯಿ. ಜೊತೆಗೆ ಒಂದು ಸಣ್ಣ ನಿಯಮ: ಮೊದಲು ನೆಲದೊಳಗಿನದು, ಆಮೇಲೆ ನೆಲದ ಮೇಲಿನದು. ಪೈಪ್ ಬದಲಾಯಿಸುವುದು ಬಾಕಿ ಇರುವ ಬೀದಿಗೆ ಸಿಮೆಂಟ್ ಹಾಕಬಾರದು. ನಮ್ಮ ಊರುಗಳಲ್ಲಿ ನೀರು, ಒಳಚರಂಡಿಯ ದೊಡ್ಡ ಕಾಮಗಾರಿ ಮಾಡುವುದು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ರಸ್ತೆ ಹಾಕುವುದು ನಗರಸಭೆ. ಇಬ್ಬರೂ ವರ್ಷಕ್ಕೆ ಒಂದು ಸಲ ಒಂದೇ ನಕ್ಷೆ ಮುಂದೆ ಕೂತರೆ ಸಾಕು, ಅಗೆಯುವುದು ಎಷ್ಟೋ ಉಳಿಯುತ್ತದೆ.

ಸಭೆ ನಡೆಸುವ ನಗರಸಭೆ ಅಧ್ಯಕ್ಷರೇ ಇಲ್ಲದ ಕಾಲವೂ ಇರುತ್ತದೆ. ಅಧ್ಯಕ್ಷರ ಅವಧಿ ಎರಡೂವರೆ ವರ್ಷ. ಎರಡನೇ ಅವಧಿಗೆ ಯಾವ ಊರಿನ ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅನ್ನುವ ಮೀಸಲಾತಿ ಪಟ್ಟಿ ತಡವಾಗಿ, 2024ರ ಆಗಸ್ಟ್‌ನಲ್ಲಿ ಬಂತು. ಅಲ್ಲಿಯವರೆಗೆ ರಾಜ್ಯದ ಎಷ್ಟೋ ಊರುಗಳಲ್ಲಿ ಸದಸ್ಯರಿದ್ದರೂ ಅಧ್ಯಕ್ಷರಿರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ನೋಡಿಕೊಂಡರು. ಸದಸ್ಯರ ಅವಧಿ ಮುಗಿದು ಚುನಾವಣೆ ಆಗದಿದ್ದಾಗಲೂ ಅಷ್ಟೇ. ಆಗ ಸಭೆಯ ಗಲಾಟೆ ಇರಲ್ಲ, ಕಡತ ಬೇಗ ಓಡುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಗಲಾಟೆ ಮಾಡಲಾದರೂ ಒಬ್ಬರು ಬೇಕಲ್ಲ.

ಇನ್ನು ನೀವೇನು ಮಾಡಬಹುದು? ಫೋನ್‌ನಲ್ಲಿ ದೂರು ಹೇಳಿ ಸುಮ್ಮನಾಗಬೇಡಿ. ಬರೆದು ಕೊಡಿ, ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಳ್ಳಿ. ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್‌ನಲ್ಲೂ ಫೋಟೋ ಸಮೇತ ಹಾಕಿ. ಫೋಟೋ ಮಳೆ ಬರುವಾಗಿನದ್ದೇ ಇರಲಿ. ಬೇಸಿಗೆಯಲ್ಲಿ ತೆಗೆದ ಮೋರಿ ಫೋಟೋ ನೋಡಿ ಯಾರಿಗೂ ಏನೂ ಅನಿಸಲ್ಲ.

ಅದಕ್ಕಿಂತ ಮುಖ್ಯ, ಕ್ರಿಯಾಯೋಜನೆಯ ಪ್ರತಿ ಕೇಳಿ. ಯಾವ ಅನುದಾನದಲ್ಲಿ ಯಾವ ಬೀದಿಗೆ ಎಷ್ಟು ಅಂತ ಸಾಲು ಸಾಲಾಗಿ ಇರುವ ಪಟ್ಟಿ ಅದು. ನಗರಸಭೆ ಒಪ್ಪಿದ ಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಂಜೂರಾಗಿ ಬರುತ್ತದೆ. ಹಾಗೇ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೋರಿ, ಲೈಟು, ನಾಯಿ ಕಾಟ ಎಲ್ಲ ಒಂದೇ ಅರ್ಜಿಗೆ ತುರುಕಿದರೆ ವಾಪಸ್ ಬರುತ್ತದೆ.

ಆ ಪಟ್ಟಿಯಲ್ಲಿ ನಿಮ್ಮ ಮೋರಿ ಇಲ್ಲದಿದ್ದರೆ ಈ ವರ್ಷ ಯಾರನ್ನು ಕೇಳಿದರೂ ದುಡ್ಡಿಲ್ಲ ಅನ್ನುವುದು ಖಂಡಿತ. ಪಟ್ಟಿಗೆ ಸೇರಿಸುವ ಹೊತ್ತು ಬೇರೆ. ಏಪ್ರಿಲ್‌ನಿಂದ ಶುರುವಾಗುವ ವರ್ಷದ ಬಜೆಟ್‌ಗೆ ಚಳಿಗಾಲದಲ್ಲೇ ತಯಾರಿ ನಡೆಯುತ್ತದೆ. ಆಗ ಬಜೆಟ್ ಪೂರ್ವಭಾವಿ ಸಭೆ ಅಂತ ಸಾರ್ವಜನಿಕರನ್ನು ಕರೆಯುತ್ತಾರೆ. ನಾನು ನೋಡಿದಂತೆ ಅಲ್ಲಿ ಖುರ್ಚಿಗಳೇ ಜಾಸ್ತಿ, ಜನ ಕಮ್ಮಿ. ಮಳೆಗಾಲದಲ್ಲಿ ನಗರಸಭೆ ಮುಂದೆ ನಿಂತು ಕೂಗಿದವರು ಯಾರೂ ಜನವರಿಯಲ್ಲಿ ಬಂದಿರುವುದಿಲ್ಲ, ಆಗ ಮೋರಿ ಒಣಗಿರುತ್ತದಲ್ಲ. ನೀವು ಹೋಗಿ. ಒಬ್ಬರೇ ಹೋಗಬೇಡಿ. ಅದೇ ಕಾಲುವೆಗೆ ನೀರು ಬಿಡುವ ಪಕ್ಕದ ವಾರ್ಡಿನ ಇಬ್ಬರನ್ನಾದರೂ ಕರೆದುಕೊಂಡು ಹೋಗಿ, ಒಂದೇ ಅರ್ಜಿಗೆ ಎಲ್ಲರೂ ಸಹಿ ಹಾಕಿ. ಆ ಅರ್ಜಿಯ ಪ್ರತಿಯನ್ನು ಎರಡೂ ವಾರ್ಡ್ ಸದಸ್ಯರಿಗೆ ಕೊಡಿ. ಆಮೇಲೆ ಫೋನ್ ಮಾಡುವಾಗ "ಅಣ್ಣ, ನಮ್ಮ ಮೋರಿ ಯಾವಾಗ ಮಾಡಿಸ್ತೀರಾ" ಅಂತ ಕೇಳಬೇಡಿ. "ಕ್ರಿಯಾಯೋಜನೆಯಲ್ಲಿ ನಮ್ಮದು ಎಷ್ಟನೇ ಸಾಲು" ಅಂತ ಕೇಳಿ.