ಉಂಡಿದ್ದೆಲ್ಲ ಮೈಗೆ ಹತ್ತುವುದಿಲ್ಲ

ಬೀಟ್‌ರೂಟ್ ಕೆಂಪಗಿದೆ, ಅದನ್ನು ತಿಂದರೆ ರಕ್ತ ಜಾಸ್ತಿ ಆಗುತ್ತದೆ ಅನ್ನುವ ಮಾತು ಇನ್ನೂ ನಿಂತಿಲ್ಲ. ಬೇಡ ಬೇಡ ಅನ್ನುವ ಮಕ್ಕಳಿಗೆ ಬೆಳಿಗ್ಗೆ ಎದ್ದ ಕೂಡಲೇ ಅದರ ರಸ ಕುಡಿಸುವ ಮನೆಗಳಿವೆ. ಬೀಟ್‌ರೂಟಿನ ಬಣ್ಣ ಬೀಟಲೈನ್ ಎಂಬ ವರ್ಣದ್ರವ್ಯದಿಂದ ಬಂದದ್ದು, ರಕ್ತದ ಕೆಂಪು ಹಿಮೋಗ್ಲೋಬಿನ್‌ನಿಂದ. ಎರಡಕ್ಕೂ ಸಂಬಂಧವೇ ಇಲ್ಲ. ಹಿಮೋಗ್ಲೋಬಿನ್ ಆಗಲು ಬೇಕಾದದ್ದು ಕಬ್ಬಿಣ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದು ಕಷ್ಟ. ಅಷ್ಟೇ ರಾಗಿಯಲ್ಲಿ ಸುಮಾರು ನಾಲ್ಕು ಮಿಲಿಗ್ರಾಂ ಇದೆ.

ಹಾಗಾದರೆ ಮುದ್ದೆ, ಸೊಪ್ಪಿನ ಸಾರು ಉಣ್ಣುವ ನಮ್ಮಲ್ಲಿ ರಕ್ತಹೀನತೆ ಇರಬಾರದಿತ್ತು, ಅಲ್ವಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯೇ ಹೇಳುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ. ಜಂತುಹುಳು, ಮುಟ್ಟು, ಬಿ12 ಕೊರತೆ, ಬಡತನ, ಹೀಗೆ ಕಾರಣ ಹಲವು. ಆದರೆ ಒಂದು ಕಾರಣ ಅಡುಗೆಮನೆಯಲ್ಲೇ ಇದೆ. ತಟ್ಟೆಯಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ.

ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಅಷ್ಟೊಂದು ಯಾಕೆ? ನಮ್ಮ ಊಟದ ಕಬ್ಬಿಣದಲ್ಲಿ ಶೇಕಡಾ 8ರಷ್ಟು ಮಾತ್ರ ರಕ್ತ ಸೇರುತ್ತದೆ ಅಂತ ಹಿಡಿದು ಹಾಕಿದ ಲೆಕ್ಕ ಅದು. ಉಳಿದದ್ದು ಸುಮ್ನೆ ಹೊರಗೆ ಹೋಗುತ್ತದೆ.

ಇದಕ್ಕೆ ಮುಖ್ಯ ಕಾರಣ ಕಾಳಿನೊಳಗಿನ ಫೈಟಿಕ್ ಆಮ್ಲ. ಮುಂದೆ ಬರುವ ಮೊಳಕೆಗೆಂದು ತಾಯಿಗಿಡ ಕಟ್ಟಿಟ್ಟ ಬುತ್ತಿ ಅದು. ಬುತ್ತಿಯಲ್ಲಿರುವುದು ರಂಜಕ (ಫಾಸ್ಫರಸ್), ಒಂದೊಂದು ಅಣುವಿನಲ್ಲಿ ಆರು ಫಾಸ್ಫೇಟ್ ಗುಂಪು. ಫಾಸ್ಫೇಟಿನದು ಋಣ ವಿದ್ಯುದಂಶ, ಕಬ್ಬಿಣ, ಸತು, ಕ್ಯಾಲ್ಸಿಯಂಗಳದು ಧನ. ಹಾಗಾಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಅವನ್ನು ಬಿಡಿಸುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಕಾಳಿನಲ್ಲೇ ಇದೆ! ಫೈಟೇಸ್ ಅಂತ ಅದರ ಹೆಸರು. ಒಣಕಾಳಿನಲ್ಲಿ ಸುಮ್ಮನಿರುವ ಅದು ನೀರು ತಗುಲಿದ ಮೇಲೆ ಕೆಲಸ ಶುರು ಮಾಡುತ್ತದೆ.

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಸಂಜೆ ಬಿಚ್ಚಿ ನೋಡಿದರೆ ಹಸಿರು ಸಿಪ್ಪೆ ಸೀಳಿಕೊಂಡು ಬಿಳಿ ಮೊನೆ ಇಣುಕುತ್ತಿರುತ್ತದೆ. ಅಷ್ಟು ಹೊತ್ತಿಗೆ ಫೈಟಿಕ್ ಆಮ್ಲದ ಒಂದು ಪಾಲು ಒಡೆದಿರುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟಿದ್ದ ಸಿ ಜೀವಸತ್ವವೂ ಹುಟ್ಟಿರುತ್ತದೆ. ರಾಗಿಯದೂ ಇದೇ ಕಥೆ. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವವೂ ಇರುವುದರಿಂದ ಮಗುವಿನ ರಾಗಿ ಸರಿ ಗಟ್ಟಿಯಾಗದೆ ತೆಳ್ಳಗಿರುತ್ತದೆ. ಹಿಟ್ಟು ಜಾಸ್ತಿ ಹಾಕಿದರೂ ಮಗು ನುಂಗುತ್ತದೆ. ಪುಟ್ಟ ಹೊಟ್ಟೆಗೆ ಇದು ಸಣ್ಣ ಲಾಭವಲ್ಲ.

ಇನ್ನು ನಿಂಬೆಹಣ್ಣು. ಧಾನ್ಯ, ಸೊಪ್ಪುಗಳ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಜಠರದ ಹುಳಿ ದಾಟಿ ಸಣ್ಣ ಕರುಳಿಗೆ ಬಂದರೆ ಅದು ಕರಗುವುದೇ ಕಷ್ಟ. ಕರುಳಿನ ಗೋಡೆ ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪದ್ದನ್ನು. ಸಿ ಜೀವಸತ್ವ ಒಂದು ಎಲೆಕ್ಟ್ರಾನ್ ಕೊಟ್ಟು ಫೆರಿಕ್ಕನ್ನು ಫೆರಸ್ ಮಾಡುತ್ತದೆ, ಕರಗಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಆದರೆ ಇದೆಲ್ಲ ಅದೇ ಊಟದಲ್ಲಿ ಆಗಬೇಕು. ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಮುದ್ದೆ ಉಂಡರೆ ಈ ಕೆಲಸ ನಡೆಯುವುದಿಲ್ಲ.

ನಿಂಬೆರಸವನ್ನು ಸಾರಿನ ಜೊತೆ ಕುದಿಸಲೂ ಬಾರದು. ಇದಕ್ಕೊಂದು ಹಳೆಯ ಪಾಠವಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಬ್ರಿಟಿಷ್ ನೌಕಾಪಡೆಯ ಹಡಗಿನಲ್ಲಿ ಸ್ಕರ್ವಿಯಿಂದ (ಸಿ ಜೀವಸತ್ವದ ಕೊರತೆಯಿಂದ ಬರುವ ಕಾಯಿಲೆ) ನರಳುತ್ತಿದ್ದ 12 ಜನರನ್ನು ಇಬ್ಬಿಬ್ಬರಾಗಿ ಬೇರೆ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಒಂದು ವಾರದೊಳಗೆ ಚೇತರಿಸಿಕೊಂಡರು. ಆದರೆ ದೂರದ ಪ್ರಯಾಣಕ್ಕೆ ಕೆಡದಿರಲಿ ಎಂದು ರಸವನ್ನು ಕಾಯಿಸಿ ಗಟ್ಟಿ ಮಾಡಿಡಲು ಅವನೇ ಸಲಹೆ ಕೊಟ್ಟ. ಕಾದ ರಸದಲ್ಲಿ ಸಿ ಜೀವಸತ್ವ ಬಹುಪಾಲು ಹಾಳಾಗಿ ಮದ್ದು ಸಪ್ಪೆಯಾಯಿತು. ನೌಕಾಪಡೆಯಲ್ಲಿ ನಿಂಬೆರಸ ಕೊಡುವ ಆದೇಶ ಬರಲು 1795ರವರೆಗೆ ಕಾಯಬೇಕಾಯಿತು.

ಅದಕ್ಕೇ ಒಲೆ ಆರಿಸಿದ ಮೇಲೆ ಹಿಂಡಿ. ಕೋಸಂಬರಿ ಇಷ್ಟು ಒಳ್ಳೆಯದಾಗಿರುವುದೂ ಇದರಿಂದಲೇ. ನೆನೆದ ಹೆಸರುಬೇಳೆ, ಬೇಯಿಸದ ತರಕಾರಿ, ಹಸಿ ನಿಂಬೆರಸ. ಇನ್ನೂ ಜಾಸ್ತಿ ಸಿ ಜೀವಸತ್ವ ಬೇಕೆಂದರೆ ಊಟದ ಜೊತೆ ಸೀಬೆಹಣ್ಣು ಕೊಡಿ. ಅದರ ಮುಂದೆ ಅರ್ಧ ಹೋಳು ನಿಂಬೆ ಏನೇನೂ ಅಲ್ಲ. ಮಕ್ಕಳಿಗೂ ಬಲವಂತ ಮಾಡಬೇಕಾಗಿಲ್ಲ.

ನನಗೆ ನಿಜಕ್ಕೂ ಚಿಂತೆ ಆಗುವುದು ಊಟ ಮುಗಿದ ಕೂಡಲೇ ಕುಡಿಯುವ ಟೀ ಬಗ್ಗೆ. ಟೀಯಲ್ಲಿರುವ ಟ್ಯಾನಿನ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಇಷ್ಟೆಲ್ಲ ಮಾಡಿ ಕೊನೆಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಊಟಕ್ಕೂ ಟೀಗೂ ಒಂದೆರಡು ಗಂಟೆ ಅಂತರ ಇರಲಿ.

ಆಗಲೇ ರಕ್ತ ತುಂಬಾ ಕಡಿಮೆಯಾಗಿದ್ದರೆ, ಅದರಲ್ಲೂ ಬಸುರಿಯರಿಗೆ, ಊಟವೊಂದೇ ಸಾಲದು. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆ ಬೇಕೇ ಬೇಕು. ಅದನ್ನು ಹಾಲು, ಟೀ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ತೆಗೆದುಕೊಳ್ಳಬೇಡಿ. ಒಂದು ಲೋಟ ನಿಂಬೆ ಪಾನಕದ ಜೊತೆ ನುಂಗಿದರೆ ಆಯಿತು.