ಹೂದಾನಿಯ ಬುಡ ತಿರುಗಿಸಿ ನೋಡಿ: ಚೀನಾದ ಅರಮನೆ ಸೆಲಡಾನ್ ಮತ್ತು ಅದರ ಗೂಡುಗಳು

ಸೆಲಡಾನ್ ಪಾತ್ರೆಗಳ ಬಗ್ಗೆ ಓದಲು ಶುರು ಮಾಡಿದಾಗ ನಾನು ಬಣ್ಣ ನೋಡಿ, ಪಾತ್ರೆ ಸುಟ್ಟ ಗೂಡು ಯಾವುದು ಅಂತ ಗುರುತಿಸಲು ಹೊರಟಿದ್ದೆ. ಪುಸ್ತಕದಲ್ಲಿ ಒಂದು ಹಸಿರು, ಫೋನಿನಲ್ಲಿ ಇನ್ನೊಂದು ಹಸಿರು. ತಲೆ ಕೆಟ್ಟುಹೋಯಿತು. ಈಗ ಮೊದಲು ನೋಡುವುದು ಬುಡವನ್ನು. ಈ ಟಿಪ್ಪಣಿಯೂ ಬುಡದಿಂದಲೇ ಮೇಲಕ್ಕೆ ಹೋಗುತ್ತದೆ.

ಅದಕ್ಕೂ ಮುಂಚೆ, ಬಣ್ಣ ಯಾಕೆ ಮೋಸ ಮಾಡುತ್ತದೆ? ಸೆಲಡಾನ್ ಅಂದರೆ ಹಸಿರು ಅಥವಾ ನೀಲಿ ಛಾಯೆಯ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಇರುವ ಪಾತ್ರೆ. ಆ ಬಣ್ಣ ಬರುವುದು ಲೇಪದಲ್ಲಿರುವ ಚೂರು ಕಬ್ಬಿಣದಿಂದ. ಗೂಡಿಗೆ ಧಾರಾಳವಾಗಿ ಗಾಳಿ ಬಿಟ್ಟು ಸುಟ್ಟರೆ ಅದೇ ಕಬ್ಬಿಣ ಹಳದಿಗೆ, ಕಂದಿಗೆ ತಿರುಗುತ್ತದೆ. ಗಾಳಿ ಕಟ್ಟಿ ಸುಟ್ಟರೆ ಬೆಂಕಿಗೆ ಆಮ್ಲಜನಕ ಸಾಲದೆ, ಅದು ಲೇಪದೊಳಗಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಆಗ ಹಸಿರು ಬರುತ್ತದೆ. ಇದೆಲ್ಲ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಆಟ. ಒಂದೇ ಗೂಡಿನಲ್ಲಿ, ಒಂದೇ ದಿನ ಬೆಂದ ಎರಡು ಹೂದಾನಿಗಳು, ಇಟ್ಟ ಜಾಗ ಬೇರೆ ಅನ್ನುವುದಕ್ಕೇ ಬೇರೆ ಬಣ್ಣ ತಾಳಬಹುದು. ಇನ್ನು ಬಣ್ಣವನ್ನು ಹೇಗೆ ನಂಬುವುದು?

ಈಗ ರೂ ಎಂಬ ಸೆಲಡಾನ್ ಪಾತ್ರೆಗಳಿಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಉತ್ತರ ಸಾಂಗ್ ರಾಜವಂಶದ ಕೊನೆಗಾಲದಲ್ಲಿ, ಅದರಲ್ಲೂ 1100ರಲ್ಲಿ ಪಟ್ಟಕ್ಕೆ ಬಂದ ಹುಯಿಜಾಂಗ್ ಚಕ್ರವರ್ತಿಯ ಕಾಲದಲ್ಲಿ, ಇವು ಅರಮನೆಗೆ ಹೋಗುತ್ತಿದ್ದವು. ಆಮೇಲೆ ಇವನ್ನು ಸುಟ್ಟ ಜಾಗವೇ ಮರೆತುಹೋಯಿತು. ಹೆನಾನ್ ಪ್ರಾಂತ್ಯದ ಬಾವೊಫೆಂಗ್ ಜಿಲ್ಲೆಯ ಚಿಂಗ್‌ಲಿಯಾಂಗ್‌ಸ ಎಂಬ ಹಳ್ಳಿಯೇ ಆ ಜಾಗ ಎಂದು ಗಟ್ಟಿಯಾದದ್ದು 1980ರ ದಶಕದಲ್ಲಿ. ಅರಮನೆಗೆಂದು ಸುಡುತ್ತಿದ್ದ ನಿಜವಾದ ನೆಲೆ ಅಲ್ಲಿಯೇ ಸಿಕ್ಕಿದ್ದು 2000ದಲ್ಲಿ. ತಲೆತಲಾಂತರದಿಂದ ಉಳಿದು ಬಂದ ರೂ ಪಾತ್ರೆಗಳು ಜಗತ್ತಿನಲ್ಲೆಲ್ಲ ಸೇರಿ ನೂರಕ್ಕಿಂತ ಕಡಿಮೆ. ಅವುಗಳಲ್ಲೂ ಹೂದಾನಿಗಳು ಬೆರಳೆಣಿಕೆಯಷ್ಟೇ. ಹೆಚ್ಚಿನವು ತಟ್ಟೆಗಳು, ಕುಂಚ ತೊಳೆಯುವ ಬಟ್ಟಲುಗಳು. 2017ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 13 ಸೆಂಟಿಮೀಟರ್ ಅಗಲದ ಒಂದು ಕುಂಚದ ಬಟ್ಟಲು 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಅಂಗೈ ಮೇಲೆ ಕೂರುವಷ್ಟು ಪುಟ್ಟದು!

ರೂ ಪಾತ್ರೆಯ ಬುಡ ತಿರುಗಿಸಿದರೆ ಏನು ಕಾಣುತ್ತದೆ? ಸಾಮಾನ್ಯವಾಗಿ ಅಲ್ಲೂ ಲೇಪವೇ. ಇದು ಸುಲಭದ ಮಾತಲ್ಲ. ಬಿಸಿಗೆ ಗ್ಲೇಜ್ ಕರಗಿ ಅಂಟಾಗುತ್ತದೆ. ಎಣ್ಣೆ ಸವರದ ಕಾವಲಿಗೆ ದೋಸೆ ಕಚ್ಚಿಕೊಳ್ಳುವ ಹಾಗೆ ಪಾತ್ರೆ ಕೆಳಗಿನ ಆಸರೆಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಬೇರೆ ಕುಂಬಾರರು ಬುಡದ ಲೇಪ ಒರೆಸಿಬಿಡುತ್ತಿದ್ದರು. ರೂ ಕುಂಬಾರರು ಒರೆಸಲಿಲ್ಲ. ಸಣ್ಣ ಮಣ್ಣಿನ ಮೊಳೆಗಳ ತುದಿಯ ಮೇಲೆ ಪಾತ್ರೆ ನಿಲ್ಲಿಸಿ ಸುಟ್ಟರು. ಬೆಂದ ಮೇಲೆ ಮೊಳೆ ಮುರಿದು ತೆಗೆದರೆ ಉಳಿಯುವುದು ಮೂರೋ ಐದೋ ಸಣ್ಣ ಕಲೆ. ಚೀನೀಯರು ಅದನ್ನು ಎಳ್ಳಿನ ಕಾಳು ಅನ್ನುತ್ತಾರೆ. ನಿಜಕ್ಕೂ ಎಳ್ಳಿನಷ್ಟೇ ಇರುತ್ತದೆ. ಲೇಪ ಹೋದ ಆ ಕಡೆ ಇಣುಕುವ ಮಣ್ಣು ಊದುಬತ್ತಿಯ ಬೂದಿಯ ಬಣ್ಣದ್ದು. ಎಳ್ಳು ಮತ್ತು ಬೂದಿ: ಇವೆರಡನ್ನು ನೆನಪಿಟ್ಟುಕೊಂಡರೆ ರೂ ಪಾಠ ಅರ್ಧ ಮುಗಿದಂತೆ.

1127ರಲ್ಲಿ ಜಿನ್ ಪಡೆಗಳ ದಾಳಿಗೆ ಉತ್ತರ ಸಾಂಗ್ ಬಿತ್ತು. ಆಸ್ಥಾನ ದಕ್ಷಿಣಕ್ಕೆ ಓಡಿ, ಇಂದಿನ ಹಾಂಗ್‌ಝೌನಲ್ಲಿ ನೆಲೆ ನಿಂತಿತು. ರೂ ಗೂಡುಗಳಿದ್ದ ನಾಡು ಶತ್ರುವಿನ ಪಾಲಾಯಿತು. ಹೊಸ ರಾಜಧಾನಿಯಲ್ಲಿ ಹೊಸ ಗೂಡು ಹಾಕಿಸಿದರು. ಅವುಗಳ ಹೆಸರು ಗುವಾನ್, ಅಂದರೆ 'ಸರ್ಕಾರಿ'. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಸುಟ್ಟರೆ ಕಪ್ಪಾಗುತ್ತದೆ. ಮೈ ತೆಳುವಾಗಿ ಮಾಡಿ, ಒಂದರ ಮೇಲೊಂದು ಹಲವು ಸಲ ಗ್ಲೇಜ್ ಹಾಕುತ್ತಿದ್ದರು. ಕೆಲವು ಚೂರುಗಳಲ್ಲಿ ಲೇಪವೇ ಮಣ್ಣಿಗಿಂತ ದಪ್ಪ. ಬಾಯಿಯ ಅಂಚಿನಿಂದ ಲೇಪ ಕೆಳಗೆ ಜಾರಿದಾಗ ಒಳಗಿನ ಕಪ್ಪು ಇಣುಕುತ್ತದೆ. ಲೇಪವಿಲ್ಲದ ಕಾಲಿನ ಅಂಚು ಕಬ್ಬಿಣದಂತೆ ಕಾಣುತ್ತದೆ. 'ನೇರಳೆ ಬಾಯಿ, ಕಬ್ಬಿಣದ ಕಾಲು' ಎಂಬ ಮಾತು ಹುಟ್ಟಿದ್ದು ಹೀಗೆ. ಮೈ ಮತ್ತು ಲೇಪ ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಅದಕ್ಕೇ ಒಣಗಿದ ಕೆರೆಯಂಗಳದ ಹಾಗೆ ಬಿರುಕಿನ ಬಲೆ ಮೂಡುತ್ತದೆ. ಮೂಲದಲ್ಲಿ ಇದು ದೋಷ. ಅದನ್ನೇ ಅಂದ ಮಾಡಿಕೊಂಡರು.

ಹಾಂಗ್‌ಝೌನಲ್ಲಿ ಎರಡು ಗೂಡು ನೆಲೆಗಳ ಹೆಸರು ಬರುತ್ತದೆ. ಒಂದು, ಜಿಯಾವೊತಾನ್‌ಶಿಯಾ. ಇನ್ನೊಂದು, 1996ರಲ್ಲಿ ಪತ್ತೆಯಾದ ಲಾವೊಹುದೊಂಗ್, ಅಂದರೆ 'ಹುಲಿ ಗುಹೆ'. ಅಲ್ಲಿ ಗುಂಡಿ ತುಂಬ ಒಡೆದ ಚೂರುಗಳು ಸಿಕ್ಕವು. ಅರಮನೆಗೆ ಒಪ್ಪಿಗೆಯಾಗದ್ದನ್ನು ಸಂತೆಗೆ ಬಿಡುವ ಬದಲು ಒಡೆದು ಹೂತರು ಅಂತ ಕಾಣುತ್ತದೆ. ಈ ಪಾತ್ರೆಗಳು ಯಾಕೆ ಇಷ್ಟು ಅಪರೂಪ ಅನ್ನುವುದಕ್ಕೆ ಆ ಗುಂಡಿಗಳೇ ಸಾಕ್ಷಿ.

ಲೊಂಗ್‌ಚುವಾನ್ ಎಂಬ ಇನ್ನೊಂದು ಸೆಲಡಾನ್ ನೆಲೆಯ ಬಗ್ಗೆ ಎರಡೇ ಮಾತು. ಅದೂ ಹಾಂಗ್‌ಝೌ ಇರುವ ಝೆಜಿಯಾಂಗ್ ಪ್ರಾಂತ್ಯದ್ದೇ. ಆದರೆ ಅಲ್ಲಿನ ಗೂಡುಗಳು ದೊಡ್ಡ ಪ್ರಮಾಣದಲ್ಲಿ ಮಾಡಿ, ಹಡಗು ಹತ್ತಿಸಿ ದೂರದೂರಕ್ಕೆ ಮಾರಿದವು. ಮಣ್ಣು ಹೆಚ್ಚಾಗಿ ಬೂದು-ಬಿಳಿ. ಲೇಪವಿಲ್ಲದ ಕಾಲಿನ ಅಂಚು ಸುಟ್ಟು ಇಟ್ಟಿಗೆ ಕೆಂಪಾಗಿರುತ್ತದೆ.

ಇಷ್ಟು ಕಲಿತು 'ಇನ್ನೇನು, ಬುಡ ನೋಡಿದರೆ ಸಾಕು' ಅಂದುಕೊಂಡಾಗಲೇ ಚಿಂಗ್ ರಾಜವಂಶ ಎದುರಾಗುತ್ತದೆ. ಯಾಂಗ್‌ಝೆಂಗ್ ಚಕ್ರವರ್ತಿಗೆ (1723–1735) ಸಾಂಗ್ ಪಾತ್ರೆಗಳೆಂದರೆ ಪ್ರಾಣ. 1728ರಲ್ಲಿ ಅರಮನೆಗೆ ಪಿಂಗಾಣಿ ಮಾಡುತ್ತಿದ್ದ ಜಿಂಗ್‌ದೆಝೆನ್ ಪಟ್ಟಣಕ್ಕೆ ಬಂದ ತಾಂಗ್ ಯಿಂಗ್ ಎಂಬ ಅಧಿಕಾರಿ, ಅರಮನೆಯಿಂದ ಬಂದ ಹಳೆಯ ಪಾತ್ರೆಗಳನ್ನು ಮಾದರಿಯಾಗಿಟ್ಟು ರೂ, ಗುವಾನ್ ಗ್ಲೇಜ್‌ಗಳನ್ನು ಮತ್ತೆ ಮಾಡಿಸಿದ. 1735ರಲ್ಲಿ ಅವನು ಮಾಡಿದ ಪಟ್ಟಿಯಲ್ಲಿ ಒಂದು ರೂ ಬಣ್ಣದ ಮಾದರಿಯ ಹೆಸರು 'ಬೆಕ್ಕಿನ ಊಟದ ತಟ್ಟೆ'. ಚಕ್ರವರ್ತಿಯ ನಿಧಿಗೆ ಎಂಥ ಹೆಸರು, ಅಲ್ವಾ!

ಜಿಂಗ್‌ದೆಝೆನ್‌ನ ಮಣ್ಣು ಬಿಳಿ. ಹಾಗಾಗಿ 'ಕಬ್ಬಿಣದ ಕಾಲು' ತಾನಾಗಿ ಬರುವುದಿಲ್ಲ. ಆ ಕುಂಬಾರರು ಏನು ಮಾಡಿದರು ಗೊತ್ತೇ? ಕಾಲಿನ ಅಂಚಿಗೆ ಕಪ್ಪು-ಕಂದು ಲೇಪ ಬಳಿದರು. ಆದರೆ ಮೋಸ ಮಾಡುವ ಉದ್ದೇಶ ಇರಲಿಲ್ಲ. ಬುಡದ ನಡುವೆ ಅದೇ ಚಕ್ರವರ್ತಿಯ ಮುದ್ರೆಯನ್ನು ನೀಲಿಯಲ್ಲಿ ಬರೆದರು. ಸಾಂಗ್ ಪಾತ್ರೆಗಳಲ್ಲಿ ಇಂಥ ಚಕ್ರವರ್ತಿಯ ಮುದ್ರೆ ಇರುವುದಿಲ್ಲ. ಆದರೆ ಅಸಲಿ ರೂ ಬುಡದಲ್ಲಿ ಕೆತ್ತಿದ ಪದ್ಯ ಕಂಡರೆ ಗಾಬರಿಯಾಗಬೇಡಿ. ಅದು ಯಾಂಗ್‌ಝೆಂಗ್‌ನ ಮಗ ಚಿಯಾನ್‌ಲಾಂಗ್‌ನ ಹವ್ಯಾಸ. ಇಷ್ಟವಾದ ಹಳೆಯ ಪಾತ್ರೆಗಳ ಮೇಲೆ ತನ್ನ ಪದ್ಯ ಕೆತ್ತಿಸುತ್ತಿದ್ದ. ಕೆಲವು ರೂ ಪಾತ್ರೆಗಳನ್ನು ಗುವಾನ್ ಎಂದೇ ಬರೆಸಿದ್ದಾನೆ. ಕೈಯಲ್ಲಿ ಹಿಡಿದು ನೋಡುವ ಭಾಗ್ಯವಿದ್ದವನೇ ತಪ್ಪಿದ್ದಾನೆ.

ಅಭ್ಯಾಸಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆ ಒಳ್ಳೆಯ ಜಾಗ. ಪರ್ಸಿವಲ್ ಡೇವಿಡ್ ಸಂಗ್ರಹದ ರೂ, ಗುವಾನ್ ಮತ್ತು ಚಿಂಗ್ ಕಾಲದ ನಕಲು ಎಲ್ಲವೂ ಅಲ್ಲಿವೆ. ಅಷ್ಟು ದೂರ ಹೋಗಲಾಗದವರು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ನೋಡಬಹುದು. ಬುಡದ ಚಿತ್ರ ಸಿಕ್ಕರೆ ಅದನ್ನೇ ಮೊದಲು ತೆರೆಯಿರಿ. ಗೂಡಿನ ಹೆಸರು ಊಹಿಸಿ, ಆಮೇಲೆ ವಿವರಣೆ ಓದಿ.